ರಕ್ತದ ಔಷಧ, ಹೃದಯದ ಲಯ

ಕಾಯಿಲೆಯನ್ನು ಹತೋಟಿಗೆ ತಂದುಕೊಂಡವರಿಗೂ ಒಂದು ಅಂಜಿಕೆ ಉಳಿದಿರುತ್ತದೆ. ತಮ್ಮನ್ನು ಉಳಿಸಿದ ಮದ್ದೇ ಮುಂದೊಂದು ದಿನ ತಿರುಗಿ ಬಿದ್ದೀತೇ ಎಂಬುದೇ ಆ ಅಂಜಿಕೆ. ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ವರ್ಷಾನುಗಟ್ಟಲೆ ಮಾತ್ರೆ ನುಂಗುತ್ತಿರುವ ಕೆಲವರಿಗೆ ಅದು ಎದೆಯೊಳಗಿನಿಂದಲೇ ಕೇಳಿಸುತ್ತದೆ. ರಾತ್ರಿ ಎಡಮಗ್ಗುಲಾಗಿ ಮಲಗಿದಾಗ ಒಂದು ಬಡಿತ ತಪ್ಪಿದಂತೆ, ಮರುಕ್ಷಣ ಎರಡು ಬಡಿತಗಳು ಒಂದರ ಮೇಲೊಂದು ಬಂದು ಬಿದ್ದಂತೆ ಭಾಸವಾಗುತ್ತದೆ. ಮಾತ್ರೆ ಬಿಟ್ಟರೆ ರಕ್ತದ ರೋಗ ಮರುಕಳಿಸೀತು, ಬಿಡದಿದ್ದರೆ ಹೃದಯ ಕೆಟ್ಟೀತು ಎಂಬ ಇಬ್ಬಂದಿಯಲ್ಲಿ ರೋಗಿ ಸಿಕ್ಕಿಬೀಳುತ್ತಾನೆ. ಈ ಇಬ್ಬಂದಿಗೆ ದಾರಿಯುಂಟು. ಆ ದಾರಿ ಕಾಣಬೇಕಾದರೆ ರಕ್ತ, ಔಷಧ, ಹೃದಯ ಈ ಮೂರರ ನಂಟನ್ನು ತುಸು ತಿಳಿದುಕೊಳ್ಳಬೇಕು.

ಲ್ಯುಕೇಮಿಯಾ ಎಂಬ ಹೆಸರನ್ನು ಕೊಟ್ಟವನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ, ೧೮೪೭ರಲ್ಲಿ. ಆ ಪದದ ಅರ್ಥ ಬಿಳಿಯ ರಕ್ತ. ರಕ್ತದ ಬಿಳಿ ಕಣಗಳು ಮಿತಿಮೀರಿ ಹೆಚ್ಚುವ ಈ ರೋಗದಲ್ಲಿ ಅನೇಕ ಬಗೆಗಳಿವೆ. ದಿಢೀರನೆ ಎರಗುವಂಥವು ಕೆಲವು, ನಿಧಾನವಾಗಿ ವರ್ಷಗಟ್ಟಲೆ ಬೆಳೆಯುವಂಥವು ಕೆಲವು. ದೀರ್ಘಕಾಲದ ಮಾತ್ರೆಯ ಪ್ರಶ್ನೆ ಏಳುವುದು ಮುಖ್ಯವಾಗಿ ಈ ಎರಡನೆಯ ಗುಂಪಿನಲ್ಲಿ. ಅದರಲ್ಲೂ ಎರಡು ಕವಲುಗಳು: ಮಜ್ಜೆಯ ಕಣಗಳಿಂದ ಹುಟ್ಟುವ ಮಯಲಾಯ್ಡ್ ಲ್ಯುಕೇಮಿಯಾ, ರೋಗನಿರೋಧಕ ಕಣಗಳಿಂದ ಹುಟ್ಟುವ ಲಿಂಫಾಯ್ಡ್ ಲ್ಯುಕೇಮಿಯಾ. ಮೊದಲನೆಯದು ನಮ್ಮ ದೇಶದಲ್ಲಿ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ ವಯಸ್ಸಿನಲ್ಲಿ, ಅಂದರೆ ದುಡಿಯುವ ಪ್ರಾಯದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಎರಡನೆಯದು ಸಾಮಾನ್ಯವಾಗಿ ಮುಪ್ಪಿನ ಕಾಯಿಲೆ. ಅಲ್ಲಿಗಿಂತ ಇಲ್ಲಿ ಅಪರೂಪ.

ಮಯಲಾಯ್ಡ್ ಬಗೆಯ ಗುಟ್ಟು ಬಯಲಾದದ್ದು ಹಂತಹಂತವಾಗಿ. ರೋಗಿಗಳ ಕಣಗಳಲ್ಲಿ ಗಿಡ್ಡನೆಯ ಒಂದು ವರ್ಣತಂತುವನ್ನು ೧೯೬೦ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನೋವೆಲ್ ಮತ್ತು ಹಂಗರ್‌ಫರ್ಡ್ ಎಂಬ ಇಬ್ಬರು ಗುರುತಿಸಿದರು. ೯ನೆಯ ಮತ್ತು ೨೨ನೆಯ ವರ್ಣತಂತುಗಳು ತಮ್ಮ ತುಣುಕುಗಳನ್ನು ಅದಲುಬದಲು ಮಾಡಿಕೊಂಡಿರುವುದೇ ಇದಕ್ಕೆ ಕಾರಣವೆಂದು ೧೯೭೩ರಲ್ಲಿ ಜಾನೆಟ್ ರೌಲಿ ಎಂಬ ವಿದುಷಿ ತೋರಿಸಿಕೊಟ್ಟರು. ಆ ಅದಲುಬದಲಿನಿಂದ ಹುಟ್ಟುವ ದುಷ್ಟ ಪ್ರೋಟೀನಿನ ಬಾಯಿ ಕಟ್ಟುವ ಇಮಾಟಿನಿಬ್ ಎಂಬ ಮಾತ್ರೆಗೆ ೨೦೦೧ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅಲ್ಲಿಯವರೆಗೆ ಕೆಲವೇ ವರ್ಷಗಳ ಆಯುಸ್ಸನ್ನು ಎಣಿಸುತ್ತಿದ್ದ ರೋಗಿಗಳು ಸಂಸಾರ ನಡೆಸಿದರು, ಮಕ್ಕಳ ಮದುವೆ ಮಾಡಿದರು. ಈ ಮಾತ್ರೆಯ ಮೊದಲ ದೊಡ್ಡ ಪರೀಕ್ಷೆಯಲ್ಲಿ ಅದನ್ನೇ ಮೊದಲಿನಿಂದ ತೆಗೆದುಕೊಂಡವರ ಪೈಕಿ ನೂರಕ್ಕೆ ೮೩ ಮಂದಿ ಹತ್ತು ವರ್ಷಗಳ ಬಳಿಕವೂ ಬದುಕಿದ್ದರು.

ನಮ್ಮಲ್ಲಿ ಇದರ ಕಥೆಗೆ ಇನ್ನೊಂದು ಅಧ್ಯಾಯವಿದೆ. ಗ್ಲೀವೆಕ್ ಎಂಬ ಹೆಸರಿನಲ್ಲಿ ಬರುತ್ತಿದ್ದ ಈ ಔಷಧಕ್ಕೆ ತಿಂಗಳಿಗೆ ಸುಮಾರು ಒಂದು ಲಕ್ಷ ೨೦ ಸಾವಿರ ರೂಪಾಯಿ ಬೀಳುತ್ತಿತ್ತು. ಭಾರತದ ಕಂಪನಿಗಳು ತಯಾರಿಸಿದ್ದು ಸುಮಾರು ಎಂಟು ಸಾವಿರಕ್ಕೆ ದೊರೆಯುತ್ತಿತ್ತು. ನೊವಾರ್ಟಿಸ್ ಕಂಪನಿಯ ಪೇಟೆಂಟ್ ಕೋರಿಕೆಯನ್ನು ಸರ್ವೋಚ್ಚ ನ್ಯಾಯಾಲಯವು ೨೦೧೩ರ ಏಪ್ರಿಲ್ ೧ರಂದು ತಳ್ಳಿಹಾಕಿತು. ಸೊರಬದ ಅಡಿಕೆ ತೋಟದ ಕೂಲಿಯಾಳಿಗೂ ಶಿಕಾರಿಪುರದ ಜೋಳದ ಹೊಲದ ರೈತನಿಗೂ ಈ ಮದ್ದು ಎಟುಕುವಂತಾದುದರ ಹಿಂದೆ ಆ ತೀರ್ಪಿನ ಪಾಲು ದೊಡ್ಡದು. ಆದರೆ ಮದ್ದು ಕೈಗೆ ಬಂದಮೇಲೆ ಅದರೊಡನೆ ಬಾಳುವುದನ್ನೂ ಕಲಿಯಬೇಕಾಗುತ್ತದೆ.

ಇನ್ನು ಹೃದಯದ ಮಾತು. ಅದು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಬಲಭಾಗದ ಮೇಲಿನ ಕೋಣೆಯಲ್ಲಿರುವ ಪುಟ್ಟದೊಂದು ಗಂಟು ಈ ಮೇಳದ ತಾಳಧಾರಿ. ಅದು ನಿಮಿಷಕ್ಕೆ ೬೦ರಿಂದ ೧೦೦ ಸಲ ವಿದ್ಯುತ್ತಿನ ಸಣ್ಣ ಸಂಜ್ಞೆ ಕೊಡುತ್ತದೆ. ಸಂಜ್ಞೆ ಮೇಲಿನ ಕೋಣೆಗಳನ್ನು ಹಾಯ್ದು ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಸ್ನಾಯು ಹಿಂಡುತ್ತದೆ, ಮತ್ತೆ ಸಡಿಲಗೊಂಡು ಮುಂದಿನ ಸಂಜ್ಞೆಗೆ ಅಣಿಯಾಗುತ್ತದೆ. ಈ ವಿದ್ಯುತ್ತಿನ ಓಡಾಟವನ್ನು ಕಾಗದದ ಮೇಲೆ ಬರೆಯಿಸುವ ಇ.ಸಿ.ಜಿ. ವಿಧಾನಕ್ಕಾಗಿ ಹಾಲೆಂಡಿನ ಐಂಥೋವನ್ ೧೯೨೪ರ ನೊಬೆಲ್ ಬಹುಮಾನ ಪಡೆದ.

ಲಯ ತಪ್ಪಿದ ಬಡಿತವೆಲ್ಲ ರೋಗವಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಬಡಿತ ಅವಸರಪಟ್ಟು ಮುಂಚೆಯೇ ಬರುವುದು ಆರೋಗ್ಯವಂತರಲ್ಲಿಯೂ ಉಂಟು. ನಿದ್ದೆಗೆಟ್ಟರೆ, ಜ್ವರ ಬಂದರೆ, ಕಾಫಿ ಮೀರಿದರೆ, ಮನಸ್ಸು ಕದಡಿದರೆ ಹೀಗಾಗಬಹುದು. ರಕ್ತಹೀನತೆ ಮತ್ತು ಥೈರಾಯ್ಡ್ ದೋಷಗಳಲ್ಲಿಯೂ ಎದೆ ಡವಗುಟ್ಟುತ್ತದೆ. ಲ್ಯುಕೇಮಿಯಾ ರೋಗಿಗೆ ರಕ್ತಹೀನತೆ ಹೊಸದಲ್ಲ. ಆದುದರಿಂದ ಎದೆ ಹಾರಿದ ಕೂಡಲೇ ತಪ್ಪನ್ನು ಮಾತ್ರೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಾಗೆಂದು ಮಾತ್ರೆ ನಿರ್ದೋಷಿಯೆಂದು ಮೊದಲೇ ತೀರ್ಮಾನಿಸುವುದೂ ಸಲ್ಲದು.

ಮಾತ್ರೆಗಳ ಗುಣ ಒಂದೊಂದರದು ಒಂದೊಂದು ಬಗೆ. ಇಮಾಟಿನಿಬ್ ಕೈಕಾಲು, ಕಣ್ಣಿನ ಸುತ್ತ ಊತ ತರಬಹುದು. ಹೃದಯದ ಲಯವನ್ನು ಅದು ಕೆಡಿಸುವುದು ವಿರಳ. ಅದೇ ರೋಗಕ್ಕೆ ಬಳಸುವ ನಿಲೋಟಿನಿಬ್ ಈ ವಿಷಯದಲ್ಲಿ ಹೆಚ್ಚು ಎಚ್ಚರ ಬೇಡುತ್ತದೆ. ಪ್ರತಿ ಬಡಿತದ ಅನಂತರ ಹೃದಯ ತನ್ನ ವಿದ್ಯುತ್ತನ್ನು ಮರಳಿ ತುಂಬಿಕೊಳ್ಳಲು ಒಂದಿಷ್ಟು ಕಾಲ ಬೇಕು. ಇ.ಸಿ.ಜಿ.ಯಲ್ಲಿ ಅದನ್ನು ಕ್ಯೂ–ಟಿ ಅವಧಿ ಎನ್ನುತ್ತಾರೆ. ನಿಲೋಟಿನಿಬ್ ಈ ಅವಧಿಯನ್ನು ಹಿಗ್ಗಿಸಬಲ್ಲದು. ಅವಧಿ ಅತಿಯಾಗಿ ಹಿಗ್ಗಿದರೆ, ಹೃದಯ ಅಣಿಯಾಗುವ ಮೊದಲೇ ಮುಂದಿನ ಸಂಜ್ಞೆ ಬಂದು ಕೆಳಗಿನ ಕೋಣೆಗಳ ಲಯ ಕೆಟ್ಟು, ಒಮ್ಮೊಮ್ಮೆ ಪ್ರಾಣಕ್ಕೇ ಅಪಾಯವಾಗುತ್ತದೆ. ಆದ್ದರಿಂದಲೇ ಈ ಮಾತ್ರೆ ಆರಂಭಿಸುವ ಮೊದಲು ಒಮ್ಮೆ, ಏಳು ದಿನಗಳ ಮೇಲೆ ಮತ್ತೊಮ್ಮೆ, ಬಳಿಕ ಆಗಾಗ ಇ.ಸಿ.ಜಿ. ತೆಗೆಸಬೇಕೆಂಬ ನಿಯಮವಿದೆ. ಅವಧಿ ೪೮೦ ಮಿಲಿಸೆಕೆಂಡು ಮೀರಿದರೆ ವೈದ್ಯರು ಔಷಧವನ್ನು ತಡೆಹಿಡಿದು ಕಾರಣ ಹುಡುಕುತ್ತಾರೆ.

ಊಟದ ನಿಯಮವೂ ಇಲ್ಲಿ ಹೃದಯದ ನಿಯಮವೇ. ನಿಲೋಟಿನಿಬ್ ಕ್ಯಾಪ್ಸೂಲು ಅನ್ನದ ಜೊತೆ ಹೋದರೆ ರಕ್ತಕ್ಕೆ ಹೆಚ್ಚಾಗಿ ಸೇರಿಬಿಡುತ್ತದೆ. ಅದನ್ನು ನುಂಗುವ ಮೊದಲು ಎರಡು ಗಂಟೆ, ನುಂಗಿದ ಮೇಲೆ ಒಂದು ಗಂಟೆ ಏನನ್ನೂ ತಿನ್ನಬಾರದು. ಇಮಾಟಿನಿಬ್‌ಗೆ ಇದರ ತದ್ವಿರುದ್ಧ: ಊಟದೊಡನೆ, ಒಂದು ಲೋಟ ತುಂಬ ನೀರಿನೊಡನೆ ತೆಗೆದುಕೊಳ್ಳಬೇಕು. ಒಂದರಿಂದ ಇನ್ನೊಂದಕ್ಕೆ ಬದಲಾದವರು ಹಳೆಯ ಅಭ್ಯಾಸವನ್ನೇ ಮುಂದುವರಿಸಿದರೆ ಅನರ್ಥ.

ಲಿಂಫಾಯ್ಡ್ ಬಗೆಗೆ ೨೦೧೪ರಿಂದ ಬಳಕೆಗೆ ಬಂದ ಇಬ್ರುಟಿನಿಬ್‌ನ ಕಥೆ ಬೇರೆ. ಅದು ರೋಗದ ಕಣಗಳ ಒಂದು ಕಿಣ್ವಕ್ಕೆ ಬೀಗ ಹಾಕಲು ಮಾಡಿದ ಕೀಲಿ. ಆದರೆ ಅದೇ ಕೀಲಿ ಹೃದಯದಲ್ಲಿರುವ ಬೇರೊಂದು ಪ್ರೋಟೀನಿನ ಬೀಗಕ್ಕೂ ಕೂಡುತ್ತದೆಂದು ೨೦೨೦ರ ಸಂಶೋಧನೆ ತೋರಿಸಿತು. ಅದರ ಫಲವಾಗಿ ಮೇಲಿನ ಕೋಣೆಗಳು ಕ್ರಮವಾಗಿ ಹಿಂಡುವುದನ್ನು ಬಿಟ್ಟು ಗಾಳಿಗೆ ಸಿಕ್ಕ ಅರಳಿ ಎಲೆಯಂತೆ ಅದುರತೊಡಗುತ್ತವೆ. ನಾಡಿ ಯಾವ ಲೆಕ್ಕಕ್ಕೂ ಸಿಗದಂತೆ ಓಡುತ್ತದೆ. ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹರಿದರೆ ಪಾರ್ಶ್ವವಾಯು. ಈ ಕಂಪನ ಇರುವವರಲ್ಲಿ ಪಾರ್ಶ್ವವಾಯುವಿನ ಸಂಭವ ಸುಮಾರು ಐದು ಪಟ್ಟು ಹೆಚ್ಚು.

ಹೆಪ್ಪು ತಡೆಯುವ ಮಾತ್ರೆ ಕೊಟ್ಟರಾಯಿತಲ್ಲ ಎಂದು ಕೇಳಬಹುದು. ತೊಡಕಿರುವುದು ಅಲ್ಲಿಯೇ. ಇಬ್ರುಟಿನಿಬ್ ತಾನೇ ರಕ್ತಸ್ರಾವದ ಕಡೆಗೆ ಒಲಿದ ಔಷಧ. ಹೆಪ್ಪು ತಡೆಯುವ ಮಾತ್ರೆ ಜೊತೆಗೂಡಿದರೆ ಸ್ರಾವದ ಭಯ ಹೆಚ್ಚುತ್ತದೆ. ಬಡಿತ ತಗ್ಗಿಸಲು ಬಳಸುವ ವೆರಪಮಿಲ್, ಡಿಲ್ಟಿಯಾಜೆಮ್, ಅಮಿಯೋಡರೋನ್ ಎಂಬ ಮಾತ್ರೆಗಳು ಇಬ್ರುಟಿನಿಬ್ ರಕ್ತದಲ್ಲಿ ಶೇಖರವಾಗುವಂತೆ ಮಾಡುತ್ತವೆ. ಹೀಗಾಗಿ ಒಂದು ಕೈಯಲ್ಲಿ ರಕ್ತದ ವೈದ್ಯರು, ಇನ್ನೊಂದು ಕೈಯಲ್ಲಿ ಹೃದಯದ ವೈದ್ಯರು ತಕ್ಕಡಿ ಹಿಡಿಯಬೇಕಾಗುತ್ತದೆ. ಬೇರೆ ಬಗೆಯ ಲಯನಿಯಂತ್ರಕವನ್ನು ಆರಿಸಬಹುದು, ಪ್ರಮಾಣ ಇಳಿಸಬಹುದು, ಇಲ್ಲವೇ ಔಷಧವನ್ನೇ ಬದಲಿಸಬಹುದು. ಬದಲಿಸುವುದಕ್ಕೆ ಆಧಾರವೂ ಇದೆ. ೨೦೨೧ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ ಇಬ್ರುಟಿನಿಬ್ ಪಡೆದವರಲ್ಲಿ ನೂರಕ್ಕೆ ೧೬ ಮಂದಿಗೆ ಈ ಕಂಪನ ಕಂಡರೆ, ಅಕಾಲಾಬ್ರುಟಿನಿಬ್ ಪಡೆದವರಲ್ಲಿ ೯ ಮಂದಿಗೆ ಮಾತ್ರ ಕಂಡಿತು. ಝಾನುಬ್ರುಟಿನಿಬ್‌ನೊಡನೆ ನಡೆಸಿದ ಇನ್ನೊಂದು ಹೋಲಿಕೆಯಲ್ಲಿಯೂ ಹೊಸ ಔಷಧವೇ ಸೌಮ್ಯವೆನಿಸಿತು.

ಇಷ್ಟು ತಿಳಿದ ಮೇಲೆ ರೋಗಿ ಮಾಡಬೇಕಾದುದೇನು? ಮೊದಲನೆಯದು, ತಾನೇ ಮಾತ್ರೆ ನಿಲ್ಲಿಸದಿರುವುದು. ರಕ್ತಪರೀಕ್ಷೆಯಲ್ಲಿ ರೋಗದ ಕುರುಹೇ ಕಾಣದೆ ವರ್ಷಗಳು ಕಳೆದವರಲ್ಲಿ, ಕಟ್ಟುನಿಟ್ಟಿನ ಪರೀಕ್ಷೆಯ ಕಣ್ಗಾವಲಿನಲ್ಲಿ ಇಮಾಟಿನಿಬ್ ನಿಲ್ಲಿಸಿ ನೋಡಿದಾಗಲೂ ಸುಮಾರು ಅರ್ಧದಷ್ಟು ಮಂದಿಗೆ ರೋಗ ಮರಳಿದೆ. ಹೇಳದೆ ಕೇಳದೆ ಬಿಟ್ಟವರ ಪಾಡು ಅದಕ್ಕಿಂತ ಕಷ್ಟದ್ದು. ಎರಡನೆಯದು, ಎದೆಯ ತೊಂದರೆಯನ್ನು ಮುಚ್ಚಿಡದಿರುವುದು. ಮಾತ್ರೆ ನಿಲ್ಲಿಸಿಬಿಟ್ಟಾರು ಎಂಬ ಹೆದರಿಕೆಯಿಂದ ಬಾಯಿ ಬಿಡದವರೂ ಇದ್ದಾರೆ. ನಿಲ್ಲಿಸುವುದೊಂದೇ ಉಪಾಯವಲ್ಲವೆಂದು ಈಗಾಗಲೇ ನೋಡಿದೆವು; ಹೇಳಿದರಷ್ಟೇ ಉಳಿದ ಉಪಾಯಗಳು ತೆರೆಯುತ್ತವೆ.

ಮೂರನೆಯದು, ನಾಡಿ ನೋಡಿಕೊಳ್ಳುವುದು. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ಐದು ನಿಮಿಷ ಸುಮ್ಮನೆ ಕುಳಿತ ಬಳಿಕ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ಲಯ ತಪ್ಪಿದ ನಾಡಿ ಮೋಸ ಮಾಡುತ್ತದೆ. ಒಂದು ನೋಟುಬುಕ್ಕಿನಲ್ಲಿ ದಿನಾಂಕ, ಹೊತ್ತು, ಎಣಿಕೆ, ಲಯ ಸಮವೋ ವಿಷಮವೋ, ಮಾತ್ರೆ ನುಂಗಿದ ವೇಳೆ ಇವನ್ನು ಬರೆದಿಡಬೇಕು. ಗಮನಿಸಿ ಲೆಕ್ಕವಿಡುವುದರ ಬೆಲೆ ಸೊರಬ ತಾಲ್ಲೂಕಿಗೆ ಹೇಳಿಕೊಡಬೇಕಾದುದಲ್ಲ. ೧೯೫೭ರಲ್ಲಿ ಅಲ್ಲಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿರುವುದನ್ನು ಗಮನಿಸಿದ್ದರಿಂದಲೇ ಹೊಸ ವೈರಸ್ಸೊಂದು ಪತ್ತೆಯಾಗಿ, ಆ ಊರಿನ ಹೆಸರು ಲೋಕದ ವೈದ್ಯಗ್ರಂಥಗಳನ್ನು ಸೇರಿತು.

ನಾಲ್ಕನೆಯದು, ಹೊಟ್ಟೆ ಕೆಟ್ಟಾಗ ಎಚ್ಚರ. ಮಳೆಗಾಲದ ವಾಂತಿಭೇದಿಯಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳು ಹರಿದುಹೋಗುತ್ತವೆ. ಆ ಲವಣಗಳು ಕುಗ್ಗಿದಾಗ ಕ್ಯೂ–ಟಿ ಅವಧಿ ಇನ್ನಷ್ಟು ಹಿಗ್ಗುತ್ತದೆ. ಓ.ಆರ್.ಎಸ್. ನೀರು ಕುಡಿದು, ಬೇಗನೆ ರಕ್ತದ ಲವಣಗಳನ್ನು ಪರೀಕ್ಷಿಸಿಕೊಳ್ಳಬೇಕು. ಜ್ವರಕ್ಕೆ, ವಾಂತಿಗೆ ಅಂಗಡಿಯಿಂದ ಕೇಳಿ ತರುವ ಮಾತ್ರೆಗಳಲ್ಲಿಯೂ ಈ ಅವಧಿಯನ್ನು ಹಿಗ್ಗಿಸುವಂಥವಿವೆ: ಅಜಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್, ಫ್ಲೂಕೊನಜೋಲ್, ಡೊಂಪೆರಿಡೋನ್, ಒಂಡನ್ಸೆಟ್ರಾನ್. ನೋವಿನ ಮಾತ್ರೆಗಳು ಇಬ್ರುಟಿನಿಬ್‌ನೊಡನೆ ಸೇರಿದರೆ ರಕ್ತಸ್ರಾವ ಹೆಚ್ಚಬಹುದು. ಚಕ್ಕೋತ ಹಣ್ಣೂ ಅದರ ಜಾತಿಯ ಗ್ರೇಪ್‌ಫ್ರೂಟೂ ಈ ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸಬಲ್ಲವು. ಅವನ್ನು ಬಿಡುವುದೇ ಸರಿ. ಮಲೆನಾಡಿನ ಕಂಚಿ, ಹೇರಳೆಗಳ ವಿಷಯದಲ್ಲಿ ವೈದ್ಯರನ್ನು ಕೇಳಿಕೊಳ್ಳುವುದು ಲೇಸು. ಅಡಿಕೆಯ ನಾಡಿನಲ್ಲಿ ಹೇಳುವುದು ಕಷ್ಟವಾದರೂ ಹೇಳಲೇಬೇಕು: ಅಡಿಕೆ ಜಗಿದ ಮೇಲೆ ಹೃದಯದ ವೇಗ ಏರುತ್ತದೆ. ಚಕ್ಕೆ, ಬೇರುಗಳ ನಾಟಿ ಕಷಾಯ ಕುಡಿಯುತ್ತಿದ್ದರೆ ಅದನ್ನೂ ಸಂಕೋಚವಿಲ್ಲದೆ ತಿಳಿಸಬೇಕು.

ಐದನೆಯದು, ಕಾಗದಗಳನ್ನು ಒಂದೆಡೆ ಇಡುವುದು. ಈ ತಾಲ್ಲೂಕುಗಳ ರೋಗಿ ಜ್ವರಕ್ಕೆ ಊರ ವೈದ್ಯರಲ್ಲಿಗೆ, ಇ.ಸಿ.ಜಿ.ಗೆ ತಾಲ್ಲೂಕು ಆಸ್ಪತ್ರೆಗೆ, ಹೆಚ್ಚಿನ ತಪಾಸಣೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ, ರಕ್ತದ ರೋಗಕ್ಕೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ, ಹೃದಯಕ್ಕೆ ಜಯದೇವ ಸಂಸ್ಥೆಗೆ ಹೋಗಬೇಕಾಗಬಹುದು. ಒಬ್ಬರು ಬರೆದ ಚೀಟಿ ಇನ್ನೊಬ್ಬರ ಕಣ್ಣಿಗೆ ಬೀಳದಿದ್ದರೆ ಎರಡು ಒಳ್ಳೆಯ ಔಷಧಗಳು ಕೂಡಿ ಒಂದು ಕೆಟ್ಟ ಔಷಧವಾಗುತ್ತವೆ. ಎಲ್ಲ ಚೀಟಿ, ಎಲ್ಲ ಇ.ಸಿ.ಜಿ., ನಾಡಿಯ ನೋಟುಬುಕ್ಕು ಒಂದೇ ಚೀಲದಲ್ಲಿ ರೋಗಿಯ ಜೊತೆಗೇ ಸಾಗಬೇಕು. ಮೊದಲ ದಿನದ ಇ.ಸಿ.ಜಿ. ಮುಂದಿನದೆಲ್ಲಕ್ಕೂ ಅಳತೆಗೋಲು.

ಕಾಯಬಾರದ ಸಂದರ್ಭಗಳೂ ಇವೆ. ತಲೆಸುತ್ತಿ ಪ್ರಜ್ಞೆ ತಪ್ಪಿದರೆ, ಎದೆನೋವು ಅಥವಾ ಏದುಸಿರು ಬಂದರೆ, ಸುಮ್ಮನೆ ಕುಳಿತಾಗಲೂ ನಾಡಿ ೧೨೦ನ್ನು ಮೀರಿ ಇಳಿಯದಿದ್ದರೆ, ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಬೆಳಗಿನ ಬಸ್ಸಿಗಾಗಿ ಕಾಯದೆ ೧೦೮ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆ ಸೇರಬೇಕು.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೋಡಿಯ ಮಠವೆಂಬುದೊಂದಿತ್ತು. ಅನಾಥ ರೋಗಿಗಳಿಗೆ ಚಿಕಿತ್ಸೆ ನಡೆಯುವ ಸ್ಥಾನವದು ಎಂದು ೧೧೬೨ರ ಶಾಸನ ಅದನ್ನು ಕೊಂಡಾಡುತ್ತದೆ. ವಿದ್ಯೆಯ ಮಠವೇ ರೋಗಿಯ ಆಸರೆಯೂ ಆಗಿದ್ದ ನೆಲ ಇದು. ಇಂದು ಆಸ್ಪತ್ರೆ ಬೇರೆ, ವಿದ್ಯೆ ಬೇರೆಯಾಗಿವೆ; ಆದರೆ ವರ್ಷಗಟ್ಟಲೆಯ ಕಾಯಿಲೆಯಲ್ಲಿ ರೋಗಿಯ ತಿಳಿವಳಿಕೆಯೂ ಚಿಕಿತ್ಸೆಯ ಒಂದು ಭಾಗವೇ. ಮನೆಯಲ್ಲಿ ಇಂಥ ರೋಗಿಯಿದ್ದರೆ ಓದುಬರಹ ಬಲ್ಲವರೊಬ್ಬರು ನೋಟುಬುಕ್ಕಿನ ಹೊಣೆ ಹೊತ್ತುಕೊಳ್ಳಲಿ. ಅಜ್ಜಿಯ ನಾಡಿಯನ್ನು ಮೊಮ್ಮಗಳು ಎಣಿಸಲಿ. ಎಣಿಸುವುದು ಒಂದೇ ನಿಮಿಷದ ಕೆಲಸ. ಆ ಒಂದು ನಿಮಿಷದ ಲೆಕ್ಕ ಮುನ್ನೂರು ಕಿಲೋಮೀಟರ್ ದೂರದ ವೈದ್ಯರ ಮೇಜಿನ ಮೇಲೆ ಮಾತನಾಡುತ್ತದೆ.