ಈಜುಡುಗೆಯ ಅಳತೆ ಯಾರದು?



ವಿಶಾಖಪಟ್ಟಣದಲ್ಲೋ ವಿಜಯವಾಡದಲ್ಲೋ ಹುಟ್ಟಿ ಬೆಳೆದ ನಿಮಗೆ ನೀರು ಹೊಸದಲ್ಲ. ಅಲ್ಲಿ ಮನೆಮುಂದೆ ಸಮುದ್ರ, ಇಲ್ಲಿ ಇಂದ್ರಕೀಲಾದ್ರಿಯ ಬುಡದಲ್ಲೇ ಕೃಷ್ಣೆ. ಆದರೆ ನಮ್ಮ ಮನೆಗಳ ಹೆಣ್ಣುಮಕ್ಕಳಲ್ಲಿ ಈಜು ಬಲ್ಲವರನ್ನು ಎಣಿಸಲು ಹೊರಟರೆ ಬೆರಳುಗಳೇ ಹೆಚ್ಚಾದಾವು. ಆರ್.ಕೆ. ಬೀಚಿನ ಅಲೆಗಳ ಸೆಳೆತ ಬಲ್ಲವರಿಗೆ ಇದು ನಗುವ ಮಾತಲ್ಲ.

ಕಾರಣ ಕೇಳಿದರೆ ಹಲವು ಬಾರಿ ಮಾತು ಬಟ್ಟೆಗೆ ಬಂದು ನಿಲ್ಲುತ್ತದೆ. ನಿಮ್ಮ ಅಜ್ಜಿಗೆ ಈ ತೊಂದರೆ ಇರಲಿಲ್ಲ. 2016ರ ಕೃಷ್ಣಾ ಪುಷ್ಕರದಲ್ಲಿ ಸೀರೆಯುಟ್ಟೇ ಮುಳುಗೆದ್ದ ಹಿರಿಯರನ್ನು ನೀವೇ ನೋಡಿರುತ್ತೀರಿ. ಸೀರೆಗೆ ಸೈಜ್ ಎಂಬುದಿಲ್ಲ. ಬಡಕಲು ಹುಡುಗಿಗೂ ಅದೇ, ಮೈತುಂಬಿದ ಬಾಣಂತಿಗೂ ಅದೇ. ರವಿಕೆಗಾದರೆ ದರ್ಜಿ ಅವರವರ ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಂಡು, ಮುಂದೆ ಬಿಚ್ಚಿಕೊಳ್ಳಲೆಂದು ಒಳಗೆ ಒಂದಿಷ್ಟು ಬಟ್ಟೆ ಬಿಟ್ಟು ಹೊಲಿಯುತ್ತಿದ್ದ.

ಈಜುಡುಗೆಯಲ್ಲಿ ಬಿಚ್ಚಲು ಏನೂ ಇಲ್ಲ. ಚೂಡಿದಾರದಲ್ಲಿ 'ಎಂ' ಹಾಕುವವಳಿಗೆ ಇದರಲ್ಲಿ 'ಎಕ್ಸ್‌ಎಲ್' ಬೇಕಾಗಬಹುದು. ಅಷ್ಟಕ್ಕೇ ಮುಖ ಸಣ್ಣದು ಮಾಡಿಕೊಂಡು, ಟ್ರಯಲ್ ರೂಮಿನಿಂದ ಬರಿಗೈಲಿ ಹೊರಬಂದು, ಈಜುವ ಆಸೆಯನ್ನೇ ಬಿಡುವವರಿದ್ದಾರೆ. ಹಾಗೆ ಬಿಡುವ ಮುನ್ನ ಆ ಅಂಕಿಯ ಜಾತಕವನ್ನು ಸ್ವಲ್ಪ ಕೇಳಿ.

1939-40ರಲ್ಲಿ ಅಮೆರಿಕದ ಕೃಷಿ ಇಲಾಖೆ (ಹೌದು, ಕೃಷಿ ಇಲಾಖೆಯೇ!) ಸುಮಾರು 15 ಸಾವಿರ ಹೆಂಗಸರ ಮೈಯಳತೆ ತೆಗೆಸಿತು. ಬಿಳಿಯರಲ್ಲದವರ ಅಳತೆಗಳನ್ನು ಲೆಕ್ಕದಿಂದ ಕೈಬಿಟ್ಟರು. ಆ ಅಳತೆಗಳನ್ನು ಆಧರಿಸಿ 1958ರಲ್ಲಿ ಸರ್ಕಾರಿ ಸೈಜ್ ಪಟ್ಟಿ ಬಂತು. ಅದರಲ್ಲಿ '8' ಎಂದರೆ ಎದೆ 31 ಅಂಗುಲ, ಸೊಂಟ ಇಪ್ಪತ್ಮೂರೂವರೆ. ಪಟ್ಟಿಯನ್ನು ಪಾಲಿಸಬೇಕೆಂಬ ಕಟ್ಟುಪಾಡು ಸಡಿಲವಾಗಿ, 1983ರಲ್ಲಿ ಪಟ್ಟಿಯನ್ನೇ ಹಿಂತೆಗೆದುಕೊಂಡರು. ಆಮೇಲೆ ಕಂಪನಿಗಳದೇ ರಾಜ್ಯ. ಚಿಕ್ಕ ಅಂಕಿ ಕಂಡರೆ ಗಿರಾಕಿ ಹಿಗ್ಗುತ್ತಾಳೆಂದು ಅದೇ ಬಟ್ಟೆಗೆ ಚಿಕ್ಕ ಅಂಕಿ ಹಚ್ಚಿದರು. ಅಂದು '8' ತೊಡುತ್ತಿದ್ದವಳಿಗೆ ಇಂದು ಸೊನ್ನೆಯ ಚೀಟಿ, ಕೆಲವೆಡೆ ಎರಡು ಸೊನ್ನೆಯದು! ಅವಳೇನೂ ಕರಗಿರಲಿಲ್ಲ. ಗಂಡಸರ ಪ್ಯಾಂಟಿನ '34' ಕೂಡ ಈಗ ಟೇಪು ಹಿಡಿದರೆ 34 ಬರುವುದು ಅಪರೂಪ. ಹುಡುಗರು ಬೀಗುವುದು ಬೇಡ.

ನಮ್ಮ ದೇಶದಲ್ಲಿ ರೆಡಿಮೇಡ್ ಉಡುಪು ತಯಾರಿಸುವವರು ಬಹುಕಾಲ ಈ ಹೊರನಾಡಿನ ಪಟ್ಟಿಗಳನ್ನೇ ಅಷ್ಟಿಷ್ಟು ತಿದ್ದಿ ಬಳಸಿದರು. ಭಾರತೀಯರ ಮೈಕಟ್ಟಿಗೆ ಪಟ್ಟಿ ಬೇಕೆಂದು 'ನಿಫ್ಟ್' ಸಂಸ್ಥೆ ಕೆಲವು ವರ್ಷಗಳ ಹಿಂದೆ 'ಇಂಡಿಯಾಸೈಜ್' ಸಮೀಕ್ಷೆ ಕೈಗೊಂಡಿತು. ನಮ್ಮ ಬೆಂಗಳೂರು, ನಿಮ್ಮ ಪಕ್ಕದ ಹೈದರಾಬಾದ್ ಸೇರಿ ಆರು ನಗರಗಳಲ್ಲಿ, 25 ಸಾವಿರ ಜನರನ್ನು ಸ್ಕ್ಯಾನರಿನಿಂದ ಅಳೆಯುವ ಯೋಜನೆ ಅದು. ಆ ಕೆಲಸ ಐವತ್ತು ವರ್ಷ ಮೊದಲೇ ಆಗಬೇಕಿತ್ತೆಂಬುದು ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ಅಂಗಡಿಗೆ ಹೋಗುವಾಗ ಅಮ್ಮನ ಹೊಲಿಗೆ ಡಬ್ಬಿಯ ಟೇಪನ್ನು ಜೊತೆಗೊಯ್ಯಿರಿ. ಎದೆ, ಸೊಂಟ ಸಾಲದು. ಭುಜದಿಂದ ಕೆಳಗಿಳಿದು, ಕಾಲುಗಳ ನಡುವೆ ಹಾದು, ಬೆನ್ನ ಮೇಲಿಂದ ಮತ್ತೆ ಅದೇ ಭುಜಕ್ಕೆ ಬರುವ ಸುತ್ತಳತೆಯೇ ಈಜುಡುಗೆಗೆ ಮುಖ್ಯ. ಎತ್ತರದ ಹುಡುಗಿಗೆ ದೊಡ್ಡ ಸೈಜ್ ಬೇಕಾಗುವುದು ಹೆಚ್ಚಾಗಿ ಇದರಿಂದಲೇ, ದಪ್ಪಕ್ಕಲ್ಲ. ಸಂಕೋಚವೆನಿಸಿದರೆ ಮೊಣಕಾಲಿನವರೆಗೆ ಮುಚ್ಚುವವೂ ಸಿಗುತ್ತವೆ; ಕೇಳಿ ತೆಗೆಸಿಕೊಳ್ಳಿ. ಒಣಗಿರುವಾಗ ತುಸು ಬಿಗಿಯಿದ್ದರೆ ಸರಿ, ನೀರಲ್ಲಿ ಸಡಿಲವಾಗುತ್ತದೆ. ಕೊಳದ ಕ್ಲೋರಿನ್ ಎಳೆಗಳನ್ನು ತಿನ್ನುವುದರಿಂದ ಈಜಿ ಬಂದೊಡನೆ ತಣ್ಣೀರಲ್ಲಿ ಜಾಲಿಸಿ, ಹಿಂಡದೆ ನೆರಳಲ್ಲಿ ಹರವಿ. ಕುತ್ತಿಗೆಗೆ ಚುಚ್ಚುವ ಆ ಸೈಜಿನ ಚೀಟಿಯನ್ನು ಮೊದಲ ದಿನವೇ ಕತ್ತರಿಸಿ ಎಸೆದರೂ ನಡೆದೀತು.