ಹೊಸ ಬಡಾವಣೆಯ ರಸ್ತೆ: ನಾವು ನಂಬಿರುವುದು, ನಿಜವಾಗಿ ಇರುವುದು

ಹೊಸ ಲೇಔಟಿನಲ್ಲಿ ಸೈಟು ನೋಡಲು ಹೋದವರೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ: ಖಾತಾ ಆಗಿದೆಯೇ, ನೀರು ಎಲ್ಲಿಂದ, ಮುಂದಿನ ರಸ್ತೆ ಎಷ್ಟು ಅಡಿ? ಹತ್ತು ವರ್ಷದ ಮಗು ಒಂಟಿಯಾಗಿ ಅಂಗಡಿಗೆ ನಡೆದು ಹೋಗಿ ಬರಬಹುದೇ ಎಂದು ಕೇಳುವವರು ಅಪರೂಪ. ಅದೆಲ್ಲ ಆಮೇಲೆ ತಾನಾಗಿ ಸರಿಹೋಗುತ್ತದೆ ಎಂಬ ಭರವಸೆ ನಮ್ಮಲ್ಲಿದೆ. ಆದರೆ ಆಮೇಲೆ ಬರುವುದು ದೀಪ, ಗಿಡ, ಬೆಂಚು ಮಾತ್ರ. ಯಾವ ರಸ್ತೆ ಯಾವುದಕ್ಕೆ ಕೂಡುತ್ತದೆ, ತಿರುವು ಎಷ್ಟು ಚೂಪು, ಕಾಲ್ದಾರಿಗೆ ಎಷ್ಟು ಜಾಗ ಎಂಬುದು ಕರಡು ನಕ್ಷೆಯ ಮೇಲೆ ಗೆರೆ ಎಳೆದಾಗಲೇ ತೀರ್ಮಾನವಾಗಿಬಿಡುತ್ತದೆ. ಸೈಟುಗಳು ರಿಜಿಸ್ಟರ್ ಆದ ಮೇಲೆ ಹತ್ತಡಿ ಅಗಲದ ಓಣಿ ಬೇಕೆಂದರೂ ಯಾರದೋ ಮನೆಯ ಜಾಗವನ್ನೇ ಕೊಳ್ಳಬೇಕು.

ನಂಬಿಕೆ: ಒಂದೇ ಗೇಟು, ಕೊನೆ ಮುಚ್ಚಿದ ರಸ್ತೆಗಳು ಇದ್ದರೆ ಬಡಾವಣೆ ಶಾಂತ, ಭದ್ರ.

ಜಾಹೀರಾತುಗಳಲ್ಲಿ ಬಹಳ ಮೆರೆಯುವ ಮಾತು ಇದು, ನಡೆಯುವವರಿಗೆ ಅತಿ ಹೆಚ್ಚು ಹಾನಿ ಮಾಡಿರುವುದೂ ಇದೇ. ಬೆನ್ನಿಗೆ ಬೆನ್ನು ಕೊಟ್ಟ ಎರಡು ಮನೆಗಳ ನಡುವೆ ಇರುವುದು ಒಂದು ಕಾಂಪೌಂಡು ಗೋಡೆ. ರಸ್ತೆಗಳು ಕೂಡದಿದ್ದರೆ ಆ ಮನೆಯಿಂದ ಈ ಮನೆಗೆ ಬರಲು ಗೇಟಿನವರೆಗೆ ಹೋಗಿ ಸುತ್ತಬೇಕು. ಸಾಧಾರಣ ನಡಿಗೆಯಲ್ಲಿ ನಿಮಿಷಕ್ಕೆ 80 ಮೀಟರು ಸಾಗುತ್ತೇವೆ. ನೂರು ಮೀಟರಿನ ದಾರಿ ಒಂದು ಕಿಲೋಮೀಟರಾದರೆ ಒಂದೂಕಾಲು ನಿಮಿಷದ ಕೆಲಸ ಹನ್ನೆರಡೂವರೆ ನಿಮಿಷವಾಗುತ್ತದೆ. ಅಷ್ಟಾದಾಗ ಕೈ ತಾನಾಗಿ ಸ್ಕೂಟರಿನ ಕೀಲಿಗೆ ಹೋಗುತ್ತದೆ. ಬಡಾವಣೆಯ ವಾಹನಗಳೆಲ್ಲ ಆ ಒಂದೇ ಗೇಟಿಗೆ ಬಂದು ಸೇರುವುದರಿಂದ ಗೇಟಿನ ಹತ್ತಿರದ ನಾಲ್ಕು ಮನೆಯವರಿಗೆ ಶಾಂತಿಯೂ ಉಳಿಯುವುದಿಲ್ಲ.

ಈ ಮಾದರಿಗೆ ಅಮೆರಿಕದ ನ್ಯೂಜೆರ್ಸಿಯ ರ‍್ಯಾಡ್‌ಬರ್ನ್ ಅನ್ನು ಉದಾಹರಿಸುವವರಿದ್ದಾರೆ. 1929ರಲ್ಲಿ ಕ್ಲಾರೆನ್ಸ್ ಸ್ಟೈನ್ ಮತ್ತು ಹೆನ್ರಿ ರೈಟ್ ರೂಪಿಸಿದ ಆ ಬಡಾವಣೆಯಲ್ಲಿ ಕಾರಿನ ರಸ್ತೆ ಮನೆಗಳ ಬಳಿ ಕೊನೆಯಾಗುತ್ತಿತ್ತು, ನಿಜ. ಆದರೆ ನಡೆಯುವವರ ದಾರಿ ಅಲ್ಲಿಗೆ ನಿಲ್ಲುತ್ತಿರಲಿಲ್ಲ. ಮನೆಗಳ ಇನ್ನೊಂದು ಬದಿಯಲ್ಲಿ ಬೇರೆಯದೇ ಕಾಲ್ದಾರಿಗಳಿದ್ದು ಅವು ಉದ್ಯಾನದೊಳಗೆ ಸಾಗುತ್ತಿದ್ದವು; ದೊಡ್ಡ ರಸ್ತೆಯನ್ನು ದಾಟಲು ಕೆಳಸೇತುವೆಯೂ ಇತ್ತು. ಮುಂದೆ ಅದನ್ನು ನಕಲು ಮಾಡಿದ ಅನೇಕರು ಮುಚ್ಚಿದ ರಸ್ತೆಯನ್ನು ಇಟ್ಟುಕೊಂಡು ಕಾಲ್ದಾರಿಯನ್ನು ಕೈಬಿಟ್ಟರು.

ಬೆಂಗಳೂರಿನ ಹಳೆಯ ಬಡಾವಣೆಗಳನ್ನೇ ನೋಡಿ. 1890ರ ದಶಕದಲ್ಲಿ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮೇನ್ ಮತ್ತು ಕ್ರಾಸ್‌ಗಳು ಒಂದನ್ನೊಂದು ಕೂಡುತ್ತಲೇ ಹೋಗುತ್ತವೆ. ಒಂದು ದಾರಿ ಬಿಟ್ಟರೆ ಇನ್ನೊಂದು ಇದ್ದೇ ಇರುತ್ತದೆ. ಮನೆಗಳ ಹಿಂದೆ ಮಲ ಹೊರುವ ಕೆಲಸಕ್ಕೆಂದು ಬಿಟ್ಟಿದ್ದ ಕನ್ಸರ್ವೆನ್ಸಿ ಗಲ್ಲಿಗಳು ಆ ಅಮಾನುಷ ಪದ್ಧತಿ ಹೋದ ಮೇಲೆ ಕಸದ ಮೂಲೆಗಳಾದವು. ಮಲ್ಲೇಶ್ವರದಲ್ಲಿ ಅಂಥ ಕೆಲವನ್ನು ತೊಳೆದು, ಬಣ್ಣ ಬಳಿದು, ನಡೆಯುವ ಓಣಿಗಳನ್ನಾಗಿ ಮಾಡಿದ್ದಾರೆ. ನಕ್ಷೆಯಲ್ಲಿ ಜಾಗ ಉಳಿದಿದ್ದರಿಂದಲೇ ಅದು ಸಾಧ್ಯವಾಯಿತು. ಇಂದಿನ ಲೇಔಟಿನಲ್ಲಿ ವಾಹನಕ್ಕೆ ರಸ್ತೆಯ ಕೊನೆಯನ್ನು ಮುಚ್ಚಿದರೂ ಪರವಾಗಿಲ್ಲ, ಜನ ದಾಟುವಷ್ಟು ಓಣಿ ಉಳಿಯಲಿ. ಎರಡೂ ಬದಿ ಆಳೆತ್ತರದ ಗೋಡೆ ನಿಂತರೆ ಅದು ಭಯದ ಓಣಿಯಾಗುತ್ತದೆ. ಅಕ್ಕಪಕ್ಕದ ಮನೆಗಳ ಕಿಟಕಿ ಅತ್ತ ತೆರೆದಿರಬೇಕು, ದೀಪವೂ ಇರಬೇಕು.

ಭದ್ರತೆಗೆಂದು ಗೇಟು ಹಾಕುವವರಿಗೆ ಇನ್ನೊಂದು ಮಾತು. ಅನುಮೋದಿತ ಲೇಔಟಿನ ರಸ್ತೆ, ಪಾರ್ಕುಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ಮೇಲೆ ಅವು ಸಾರ್ವಜನಿಕರ ಸ್ವತ್ತು. ನಿವಾಸಿಗಳ ಸಂಘ ಅಲ್ಲಿ ದಾರಿಹೋಕರನ್ನು ತಡೆಯುವಂತಿಲ್ಲ.

ನಂಬಿಕೆ: ರಸ್ತೆ ಅಗಲವಿದ್ದಷ್ಟೂ ಸುರಕ್ಷಿತ.

ಅಗಲವಾದ, ನೇರವಾದ, ಖಾಲಿ ಟಾರು ಕಂಡರೆ ಚಾಲಕರ ಕಾಲು ವೇಗ ಹೆಚ್ಚಿಸುತ್ತದೆ. 'ನಿಧಾನವಾಗಿ ಚಲಿಸಿ' ಎಂಬ ಫಲಕಕ್ಕಿಂತ ರಸ್ತೆಯ ಆಕಾರದ ಮಾತು ಜೋರು. ಗಂಟೆಗೆ 30 ಕಿಲೋಮೀಟರಿನಲ್ಲಿ ಬರುವ ವಾಹನ 50ಕ್ಕೆ ಏರಿದರೆ ಅದರ ಹೊಡೆತದ ಶಕ್ತಿ ಸುಮಾರು 2.8 ಪಟ್ಟು ಆಗುತ್ತದೆ. ಅಪಾಯ ಕಂಡ ಕ್ಷಣದಿಂದ ವಾಹನ ಪೂರ್ತಿ ನಿಲ್ಲುವವರೆಗೆ ಬೇಕಾಗುವ ದೂರವೂ ಹೆಚ್ಚುಕಡಿಮೆ ಇಮ್ಮಡಿ. ಚೆಂಡಿನ ಹಿಂದೆ ಓಡಿದ ಮಗುವಿಗೆ ಜೀವ ಉಳಿಯುವುದೋ ಇಲ್ಲವೋ ಎಂಬುದು ಆ ದೂರದಲ್ಲಿದೆ.

ಸಾಧಾರಣ ಲೇಔಟಿನ ಮೂವತ್ತು ಅಡಿ ರಸ್ತೆ ಎಂದರೆ ಸುಮಾರು 9 ಮೀಟರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯಂತೆ ಪಾದಚಾರಿಗೆ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರು ಬೇಕು. ಎರಡೂ ಬದಿಗೆ ಅಷ್ಟು ಬಿಟ್ಟರೂ 5.4 ಮೀಟರು ಉಳಿಯುತ್ತದೆ. ಮನೆಗಳ ಬೀದಿಗೆ ಅದು ಧಾರಾಳ. ಅಗ್ನಿಶಾಮಕ ವಾಹನ ಬರುವುದು ಹೇಗೆ ಎಂಬ ಆತಂಕ ನ್ಯಾಯವಾದದ್ದೇ. ಆದರೆ ಅದನ್ನು ತಡೆಯುವುದು ಫುಟ್‌ಪಾತ್ ಅಲ್ಲ, ಎರಡೂ ಬದಿ ನಿಲ್ಲಿಸಿದ ಕಾರುಗಳು. ಒಂದೇ ಬದಿ ನಿಲ್ಲಿಸಿದರೆ ಮೂರು ಮೀಟರಿಗೂ ಹೆಚ್ಚು ದಾರಿ ತೆರವಾಗಿರುತ್ತದೆ.

ಮೂಲೆಗಳ ಮಾತೂ ಇದೇ. ತಿರುವನ್ನು ದೊಡ್ಡ ಬಳುಕಾಗಿ ಕಟ್ಟಿದರೆ ವಾಹನ ವೇಗ ತಗ್ಗಿಸದೆ ಹೊರಳುತ್ತದೆ, ದಾಟುವವರ ದೂರವೂ ಹೆಚ್ಚುತ್ತದೆ.

ನಂಬಿಕೆ: ಫುಟ್‌ಪಾತ್ ಹಾಕಿಸಿದರೆ ಮುಗಿಯಿತು.

ಫುಟ್‌ಪಾತ್ ಇರುವ ಎಷ್ಟೋ ಬಡಾವಣೆಗಳಲ್ಲಿ ಜನ ರಸ್ತೆಯ ಮೇಲೆಯೇ ನಡೆಯುತ್ತಾರೆ. ಅವರಿಗೆ ಶಿಸ್ತಿಲ್ಲ ಎನ್ನುವುದು ಅನ್ಯಾಯ. ಮೂವತ್ತಡಿಗೊಮ್ಮೆ ಒಂದೊಂದು ಮನೆಯ ರ‍್ಯಾಂಪು ಅಡ್ಡ ಬಂದರೆ ಮಂಡಿನೋವಿನ ಅಜ್ಜಿ ಎಷ್ಟು ಸಲ ಹತ್ತಿ ಇಳಿಯಬೇಕು? ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡ ತಾಯಿ, ಗಾಲಿಕುರ್ಚಿಯವರು ಏನು ಮಾಡಬೇಕು?

ರ‍್ಯಾಂಪು ಹೊರಕ್ಕೆ ಚಾಚುವುದಕ್ಕೂ ಕಾರಣವಿದೆ. ಡಾಂಬರು ಹಾಕಿದಾಗಲೆಲ್ಲ ಹಳೆಯದನ್ನು ಕೆರೆದು ತೆಗೆಯದೆ ಮೇಲೆಯೇ ಹಾಸುವುದರಿಂದ ರಸ್ತೆ ಏರುತ್ತದೆ. ಮಳೆನೀರು ಒಳಗೆ ನುಗ್ಗೀತೆಂಬ ಭಯಕ್ಕೆ ಮನೆ ಕಟ್ಟುವವರು ತಳಪಾಯವನ್ನು ಇನ್ನೂ ಎತ್ತರಿಸುತ್ತಾರೆ. ಎತ್ತರದ ಗ್ಯಾರೇಜಿಗೆ ಕಾರು ಹತ್ತಬೇಕಲ್ಲ, ಅದರ ಇಳಿಜಾರಿಗೆ ಫುಟ್‌ಪಾತ್ ಬಲಿ. ಆದ್ದರಿಂದ ಬಡಾವಣೆಯ ರಸ್ತೆ, ಚರಂಡಿ, ಮನೆಯ ತಳಮಟ್ಟ ಮೂರನ್ನೂ ಮೊದಲೇ ಒಟ್ಟಿಗೆ ನಿಗದಿ ಮಾಡಬೇಕು. ರ‍್ಯಾಂಪು ಸೈಟಿನ ಒಳಗೇ ಮುಗಿಯಬೇಕು. ಕಾಲ್ದಾರಿ ಗೇಟುಗಳ ಮುಂದೆಯೂ ಒಂದೇ ಮಟ್ಟದಲ್ಲಿ ಸಾಗಬೇಕು. ಟ್ರಾನ್ಸ್‌ಫಾರ್ಮರಿಗೂ ನಕ್ಷೆಯಲ್ಲೇ ಜಾಗ ಕೊಡಬೇಕು. ಇಲ್ಲವಾದರೆ ಅದು ಬಂದು ಕೂರುವುದು ಫುಟ್‌ಪಾತಿನ ಮೇಲೆಯೇ. ಇದು ಬರೀ ಅನುಕೂಲದ ಮಾತಲ್ಲ: ಅಡೆತಡೆಯಿಲ್ಲದ ಕಾಲ್ದಾರಿ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಂಬಿಕೆ: ಅಂಗಡಿ ಬಂದರೆ ಬಡಾವಣೆ ಕೆಡುತ್ತದೆ.

ಮದ್ಯದಂಗಡಿಗೂ ಹಾಲಿನ ಬೂತಿಗೂ ವ್ಯತ್ಯಾಸವಿದೆ. ಹಾಲು, ಸೊಪ್ಪು, ಔಷಧಿ ಐದು ನಿಮಿಷದ ನಡಿಗೆಯಲ್ಲಿ ಸಿಗದಿದ್ದರೆ ಎಷ್ಟು ಒಳ್ಳೆಯ ಕಾಲ್ದಾರಿ ಕಟ್ಟಿದರೂ ಅದು ಬೆಳಗಿನ ವಾಕಿಂಗಿಗೆ ಮಾತ್ರ. ನಕ್ಷೆಯಲ್ಲಿ ಒಂದೆರಡು ಮೂಲೆ ಸೈಟುಗಳನ್ನು ಇದಕ್ಕೆಂದು ಬಿಡಬಹುದು. ಅವನ್ನು ಮುಖ್ಯದ್ವಾರದ ಬಳಿ ಗುಡ್ಡೆ ಹಾಕದೆ ಒಳಗೆ ಹಂಚಬೇಕು, ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿದ್ದರೆ ಇನ್ನೂ ಒಳ್ಳೆಯದು. ಸೈಟಿಗೆ ಮುಂಗಡ ಕೊಡುವ ಮುನ್ನ ಅನುಮೋದಿತ ನಕ್ಷೆಯನ್ನು ಕೇಳಿ ಪಡೆಯಿರಿ. ನಿಮ್ಮ ಮನೆಯಿಂದ ಬಸ್ ನಿಲ್ದಾಣಕ್ಕೆ, ಶಾಲೆಗೆ, ಪಾರ್ಕಿಗೆ ನಡೆಯುವ ದಾರಿಯನ್ನು ಅದರ ಮೇಲೆ ಪೆನ್ಸಿಲಿನಲ್ಲಿ ಎಳೆದು ಅಳೆಯಿರಿ. ನಕ್ಷೆ ಇನ್ನೂ ಅನುಮೋದನೆಗೆ ಹೋಗಿಲ್ಲವಾದರೆ, ಎಲ್ಲಿ ಓಣಿ ಬೇಕೆಂದು ಗುರುತಿಸಿ ಬರೆದು ಕೊಡಿ.