ಕಾನಿನ ಮರ, ಕಡಲಾಚೆಯ ಹಲಗೆ: ಭಾರತ–ಇಂಡೋನೇಷ್ಯಾ ಪ್ಲೈವುಡ್ ವ್ಯಾಪಾರದ ತೌಲನಿಕ ನೋಟ

ಸೊರಬ ತಾಲ್ಲೂಕಿನ ಚಂದ್ರಗುತ್ತಿಯು ರೇಣುಕಾಂಬೆಯ ಗುಹಾಲಯದಿಂದ ಹೆಸರಾದ ಕ್ಷೇತ್ರ. ಅದರ ಸುತ್ತಲಿನ ಸೀಮೆ ಕಾನುಗಳ ನಾಡು. ಮೆಣಸು, ಬೈನೆ, ಜೇನುಗಳಿಗಾಗಿ ಹಳ್ಳಿಗರು ಕಾಪಾಡಿಕೊಂಡು ಬಂದ, ಹಲವೆಡೆ ದೇವರ ನೆಲೆಯೂ ಆದ ನಿತ್ಯಹರಿದ್ವರ್ಣದ ಕಾಡುಗಳೇ ಕಾನು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬದ ಕಾನುಗಳನ್ನು ಕುರಿತೇ ವರದಿ ಬರೆದರು. ಕಾನಿನ ಮರ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆ ಅಷ್ಟು ಹಳೆಯದು. ಇಪ್ಪತ್ತನೆಯ ಶತಮಾನದಲ್ಲಿ ಅದಕ್ಕೆ ಹೊಸ ರೂಪ ಕೊಟ್ಟ ಸರಕುಗಳಲ್ಲಿ ಪ್ಲೈವುಡ್ ಒಂದು. ಈ ಸರಕಿನ ವ್ಯಾಪಾರದಲ್ಲಿ ಭಾರತ ಮತ್ತು ಇಂಡೋನೇಷ್ಯಾ ಹಿಡಿದ ಭಿನ್ನ ದಾರಿಗಳನ್ನು ಹೋಲಿಸಿ, ಕಾನಿನ ಪಾಲಿಗೆ ಅದರ ಅರ್ಥವೇನೆಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ದಿಮ್ಮಿಯನ್ನು ತಿರುಗಿಸುತ್ತ ಅಲಗಿನಿಂದ ತೆಳ್ಳನೆಯ ಹಾಳೆ ಸುಲಿದು, ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡ ಬರುವಂತೆ ಅಂಟಿಸಿ ಒತ್ತಿದರೆ ಪ್ಲೈವುಡ್ ಆಗುತ್ತದೆ. ಬಡಗಿಯು ಬಾಗಿಲಿಗೆ ಹಲಸು, ಹೊನ್ನೆ, ಬೀಟೆಗಳನ್ನು ಅರಸಿದರೆ, ಕಾರ್ಖಾನೆಯು ನೆಟ್ಟನೆ ಬೆಳೆದ, ದಪ್ಪ ಬೊಡ್ಡೆಯ ಧೂಪದಂಥ ಮರಗಳನ್ನು ಅರಸಿತು. ಹೀಗಾಗಿ ಬಡಗಿಗೆ ಬೇಡವಾಗಿದ್ದ ಮರಗಳಿಗೂ ಪೇಟೆಯ ಬೆಲೆ ಬಂತು. ನೆರೆಯ ಶಿರಸಿ ತಾಲ್ಲೂಕಿನ ಸಲ್ಕಣಿ ಭಾಗದಲ್ಲಿ 1983ರ ಸೆಪ್ಟೆಂಬರಿನಲ್ಲಿ ಆರಂಭವಾದ ಅಪ್ಪಿಕೋ ಚಳವಳಿಯು, ಕಾಗದ, ಪ್ಲೈವುಡ್ ಮತ್ತು ವಿದ್ಯುತ್ ಯೋಜನೆಗಳು ಕಾಡನ್ನು ಕರಗಿಸುತ್ತಿರುವುದನ್ನು ಪ್ರತಿಭಟಿಸಿತು.

ಇದೇ ಕಾಲದಲ್ಲಿ ಇಂಡೋನೇಷ್ಯಾ ಬೇರೊಂದು ನಿರ್ಧಾರ ಕೈಗೊಂಡಿತು. 1980ರಿಂದ ದಿಮ್ಮಿಗಳ ರಫ್ತನ್ನು ಹಂತಹಂತವಾಗಿ ನಿರ್ಬಂಧಿಸಿ, 1985ರಲ್ಲಿ ಪೂರ್ಣ ನಿಷೇಧಿಸಿತು. ದಿಮ್ಮಿ ದೇಶದೊಳಗೇ ಹಲಗೆಯಾಗಲೆಂಬುದು ಉದ್ದೇಶ. ದಶಕ ಮುಗಿಯುವಷ್ಟರಲ್ಲಿ ಆ ದೇಶ ಉಷ್ಣವಲಯದ ಪ್ಲೈವುಡ್ಡಿನ ಅತಿದೊಡ್ಡ ರಫ್ತುದಾರನಾಯಿತು. ಆದರೆ ಗಿರಣಿಗಳ ಹಸಿವು ಸಹಜಾರಣ್ಯದ ಮೇಲೆಯೇ ಬಿದ್ದಿತು. 1998ರ ಆರ್ಥಿಕ ಬಿಕ್ಕಟ್ಟಿನಲ್ಲಿ ನಿಷೇಧ ಸಡಿಲಗೊಂಡು, 2001ರಲ್ಲಿ ಮತ್ತೆ ಬಂದಿತು. ಅಷ್ಟರಲ್ಲಿ ಕಾಡು ಸೊರಗಿತ್ತು. ಚೀನಾ ಪೇಟೆಯನ್ನು ಆಕ್ರಮಿಸತೊಡಗಿತ್ತು.

ಭಾರತವು ನಿರ್ಬಂಧವನ್ನು ಬಂದರಿನ ಬದಲು ಕಾಡಿನಲ್ಲಿ ಹೇರಿತು. 1988ರ ರಾಷ್ಟ್ರೀಯ ಅರಣ್ಯ ನೀತಿಯು ಕೈಗಾರಿಕೆಗಳು ತಮಗೆ ಬೇಕಾದ ಮರವನ್ನು ರೈತರ ಸಹಕಾರದಿಂದ ಬೆಳೆಸಿಕೊಳ್ಳಬೇಕೆಂದಿತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ಆದೇಶವು ಅರಣ್ಯದೊಳಗೆ ಅನುಮತಿಯಿಲ್ಲದೆ ನಡೆಯುವ ಗರಗಸದ ಹಾಗೂ ಪ್ಲೈವುಡ್ ಗಿರಣಿಗಳನ್ನು ತಡೆಯಿತು. ಪರಿಣಾಮವಾಗಿ ಉದ್ಯಮವು ಹರಿಯಾಣದ ಯಮುನಾನಗರದಲ್ಲಿ ಪಾಪ್ಲರ್ ಮತ್ತು ನೀಲಗಿರಿಯನ್ನೂ, ಕೇರಳದ ಪೆರುಂಬಾವೂರಿನಲ್ಲಿ ರಬ್ಬರ್ ಮರವನ್ನೂ ನೆಚ್ಚಿತು. ಜೊತೆಗೆ ಮಲೇಷ್ಯಾ, ಮ್ಯಾನ್ಮಾರ್‌ಗಳಿಂದ ದಿಮ್ಮಿಗಳು ಬಂದವು. 2014ರ ಏಪ್ರಿಲ್‌ನಲ್ಲಿ ಮ್ಯಾನ್ಮಾರ್ ಕೂಡ ದಿಮ್ಮಿ ರಫ್ತನ್ನು ನಿಲ್ಲಿಸಿತು.

ಒಂದು ದೇಶ ದಿಮ್ಮಿಯನ್ನು ಹಿಡಿದಿಟ್ಟು ಹಲಗೆ ಮಾರಿತು; ಇನ್ನೊಂದು ತನ್ನ ಕಾಡಿನ ಮರವನ್ನು ನಿಲ್ಲಿಸಿಕೊಂಡು ಹೊರಗಿನ ದಿಮ್ಮಿ ಕೊಂಡಿತು. ಎರಡೂ ಕಡೆ ಹಲಗೆಯ ಬೇಡಿಕೆ ತಗ್ಗಲಿಲ್ಲ. ಇಂಡೋನೇಷ್ಯಾದಲ್ಲಿ ಅದರ ಭಾರ ಸ್ವಂತ ಕಾಡಿನ ಮೇಲೆ ಬಿದ್ದರೆ, ಭಾರತದಲ್ಲಿ ರೈತನ ಹೊಲಕ್ಕೂ ಪರದೇಶದ ಕಾಡಿಗೂ ಹಂಚಿಹೋಯಿತು.

ಕಾನಿನ ಮಟ್ಟಿಗೆ ಇದರಿಂದ ಬಿಡುವು ದೊರೆತದ್ದು ನಿಜ. ಆದರೆ ಜಾನಪದ ಅಧ್ಯಯನಕಾರರು ಇನ್ನೊಂದು ನಷ್ಟವನ್ನೂ ಗಮನಿಸಬೇಕಾಗಿದೆ. ಸಿದ್ಧ ಹಲಗೆಗೆ ಅಳತೆಯಿದೆ, ದರ್ಜೆಯಿದೆ, ಮರದ ಹೆಸರಿಲ್ಲ. ಯಾವ ಮರ ಹೊಸ್ತಿಲಿಗೆ, ಯಾವುದು ನೇಗಿಲಿಗೆ, ಯಾವುದನ್ನು ಕಡಿಯಲೇಬಾರದು ಎಂಬ ತಿಳಿವಳಿಕೆ ಬಳಕೆ ತಪ್ಪಿದರೆ ಮಾತಿನಿಂದಲೂ ಮರೆಯಾಗುತ್ತದೆ. ಕಾನನ್ನು ಕಾಯ್ದದ್ದು ಕಟ್ಟಳೆಯಷ್ಟೇ ಈ ತಿಳಿವಳಿಕೆಯೂ ಹೌದು. ಬಡಗಿಗಳೂ ಹಿರಿಯರೂ ನಮ್ಮೊಡನಿರುವಾಗಲೇ ಸೊರಬ ಸೀಮೆಯ ಮರಗಳ ಹೆಸರು, ಉಪಯೋಗ, ನಿಷೇಧಗಳನ್ನು ಕಾನುವಾರು ದಾಖಲಿಸುವುದು ತುರ್ತಿನ ಕೆಲಸವಾಗಿದೆ.